ಬಾಗಿಲು ಹಾಕಿಕೊಂಡ ಜೋಳ

ನಮ್ಮೂರು ಗದಗ ತಾಲ್ಲೂಕಿನ ಹಿರೇಹಂದಿಗೋಳ. ಊರಲ್ಲಿ ನಾನು ‘ಕಂಪ್ಯೂಟರ್ ಇಂಜಿನಿಯರ್’. ಆದ್ರೆ ಹೊಲದಲ್ಲಿ ನನ್ನ ಇಂಜಿನಿಯರಿಂಗ್ ನಡೆಯಲ್ಲ ಅಂತ ಗೊತ್ತಾಗಿದ್ದು 2023ರ ದೀಪಾವಳಿಗೆ ಹೋದಾಗ.

ಆ ವರ್ಷದ ಬರ ನಿಮಗೂ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಮಧ್ಯಾಹ್ನ ಹೊಲಕ್ಕೆ ಹೋದೆ. ಮೊಣಕಾಲೆತ್ತರದ ಹಿಂಗಾರಿ ಜೋಳ, ಒಂದೊಂದು ಎಲೆಯೂ ಸುರುಳಿ ಸುತ್ತಿಕೊಂಡು ನಿಂತಿತ್ತು. ಕಥೆ ಮುಗೀತು ಅಂದುಕೊಂಡೆ.

"ಅಪ್ಪಾ, ಇದು ಇನ್ನ ಬರೂದಿಲ್ಲ. ಕೊಯ್ದು ಎತ್ತಿಗಾದ್ರೂ ಹಾಕೂಣು."

ಅಪ್ಪ ಹೌಹಾರಿಬಿಟ್ಟ. "ಬಾಡಿದ ಎಳೀ ಜ್ವಾಳ ಎತ್ತಿಗೆ ಹಾಕ್ತೀಯೇನೋ ತಮ್ಮಾ? ವಿಷ ಅದು! ಸಂಜೀಕ ಬಾ, ಆಮ್ಯಾಲೆ ಹೇಳು."

ಸಂಜೆ ಹೋದರೆ... ಎಲೆಗಳೆಲ್ಲ ಬಿಚ್ಚಿಕೊಂಡಿದ್ದವು! ಸತ್ತಿದೆ ಅಂದುಕೊಂಡಿದ್ದು ಸತ್ತಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದವನು ನಾಚಿಕೆಯಿಂದಲೇ ಓದಲು ಕೂತೆ. ಎಳೆ ಜೋಳದಲ್ಲಿ ಧುರ್ರಿನ್ ಅಂತ ಒಂದು ಪದಾರ್ಥ ಇರುತ್ತೆ. ನೀರಿಲ್ಲದೆ ಬಾಡಿದಾಗ ಅದು ಹೆಚ್ಚಾಗಬಹುದು. ದನ ಅಗಿದರೆ ಅದರಿಂದ ಸೈನೈಡ್ ಬಿಡುಗಡೆಯಾಗುತ್ತೆ. ನನ್ನ ಮಾತು ಕೇಳಿದ್ದರೆ ಬೆಳೆಯ ಜೊತೆ ಎತ್ತುಗಳೂ ಹೋಗುತ್ತಿದ್ದವು.

ಇನ್ನು ಆ ಸುರುಳಿ. ಮಧ್ಯಾಹ್ನದ ಬಿಸಿಲಿಗೆ ಎಲೆ ಮೇಲಿನ ಕೆಲವು ದೊಡ್ಡ ಜೀವಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ, ಎಲೆ ಸುತ್ತಿಕೊಂಡು ಬಿಸಿಲಿಗೆ ಒಡ್ಡಿದ ಜಾಗ ಕಡಿಮೆಯಾಗುತ್ತೆ. ಒಳಗೆ ಇನ್ನೊಂದು ಕೆಲಸ ನಡೆದಿರುತ್ತೆ. ಮಣ್ಣು ಒಣಗುತ್ತಾ ಬಂದ ಹಾಗೆ ಗಿಡದಲ್ಲಿ ಆಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಹೆಚ್ಚುತ್ತೆ. ಪತ್ರರಂಧ್ರಗಳ ಆಚೀಚೆ ಕಾವಲಿಗಿರೋ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಬೀಳುತ್ತೆ, ಅದರ ಹಿಂದೆಯೇ ನೀರೂ ಹೋಗುತ್ತೆ, ರಂಧ್ರ ಮುಚ್ಚಿಕೊಳ್ಳುತ್ತೆ. ಆವಿಯಾಗಿ ಹೋಗೋ ನೀರು ಉಳೀತು. ಆದ್ರೆ ಅದೇ ಬಾಗಿಲಿಂದ ಬರಬೇಕಾದ ಇಂಗಾಲದ ಡೈಆಕ್ಸೈಡೂ ನಿಂತಿತು! ಅಂದರೆ ಊಟಕ್ಕೇ ಕತ್ತರಿ. ಕಾಂಡ ಎತ್ತರಕ್ಕೆ ಬೆಳೆಸೋ ಜಿಬ್ಬೆರೆಲಿನ್ ಹಾರ್ಮೋನಿನ ಕೆಲಸಕ್ಕೂ ಬರದಲ್ಲಿ ಬ್ರೇಕ್ ಬೀಳುತ್ತೆ. ಬೆಳೆಯೋದು ನಿಲ್ಲಿಸಿ ಬದುಕೋದು, ಇಷ್ಟೇ ಲೆಕ್ಕ.

ಅಂದ ಹಾಗೆ ಈ ಜಿಬ್ಬೆರೆಲಿನ್ ಸುಳಿವು ಸಿಕ್ಕಿದ್ದೂ ಒಂದು ಹುಲ್ಲಿನ ಜಾತಿಗೆ ಬಂದ ರೋಗದಿಂದಲೇ. ಜಪಾನಿನಲ್ಲಿ ಭತ್ತದ ಸಸಿಗಳು ಒಂದು ರೋಗ ಬಂದು ಉದ್ದುದ್ದ ಬೆಳೆದು ಬೀಳುತ್ತಿದ್ದವು. ಶಿಲೀಂಧ್ರವೊಂದು ಸ್ರವಿಸೋ ವಸ್ತುವೇ ಇದಕ್ಕೆ ಕಾರಣ ಅಂತ 1926ರಲ್ಲಿ ಕುರೊಸಾವಾ ತೋರಿಸಿದರು. ಹಸಿರು ಕ್ರಾಂತಿಯ ಗಿಡ್ಡ ಭತ್ತ, ಗಿಡ್ಡ ಗೋಧಿಗಳ ಗುಟ್ಟೂ ಇದೇ ಹಾರ್ಮೋನು: ಭತ್ತದಲ್ಲಿ ಅದರ ತಯಾರಿಕೆಯೇ ಕಡಿಮೆ, ಗೋಧಿ ಅದರ ಮಾತನ್ನ ಅಷ್ಟಾಗಿ ಕೇಳಲ್ಲ. ನಮ್ಮ ಮಾಲದಂಡಿ ಜೋಳ ಮಾತ್ರ ಎತ್ತರವಾಗೇ ಉಳಿದಿದೆ. ಯಾಕಂದ್ರೆ ನಮಗೆ ಕಾಳಿನಷ್ಟೇ ಕಣಿಕಿನೂ ಬೇಕು.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿ ಅಪ್ಪ ಅಂದ, "ಅದಕ್ಕs ನಾವು ಎಡಿ ಹೊಡಿಯೂದು. ಎರಿ ಭೂಮಿ ಬಿರುಕು ಬಿಟ್ರ ಹಸಿ ಎಲ್ಲಾ ಹಾರಿ ಹೋಕ್ಕೈತಿ. ಬಾಯಿ ಮುಚ್ಚಬೇಕು. ಮ್ಯಾಲೆ ಜ್ವಾಳ ಮುಚ್ಚತೈತಿ, ಕೆಳಗ ನಾವು ಮುಚ್ಚತೀವಿ."

ನಾನು ಎರಡು ವಾರ ಓದಿದ್ದು ಅಪ್ಪನ ಒಂದೇ ಮಾತಿನಲ್ಲಿತ್ತು!

ಫೆಬ್ರವರಿಯಲ್ಲಿ ರಾಶಿ ಆಯಿತು. ಕಾಳು ಅರ್ಧಕ್ಕೂ ಕಡಿಮೆ. ಬಾಗಿಲು ಹಾಕಿಕೊಂಡಿದ್ದಕ್ಕೆ ಗಿಡ ತೆತ್ತ ಬೆಲೆ ಅದು. ಆದ್ರೆ ಒಣಗಿದ ಕಣಿಕಿ ಎತ್ತುಗಳಿಗೆ ಮಳೆಗಾಲದವರೆಗೂ ಆಯಿತು. ಎತ್ತು ಮಾರಲಿಲ್ಲ.

ನಿಮ್ಮ ಕಡೆ ಬರಗಾಲದ ಬೆಳೆಯನ್ನ ಹೇಗೆ ಉಳಿಸ್ತಾರೆ? ಗೊತ್ತಿದ್ದವರು ಬರೀರಿ. ಗೊತ್ತಿಲ್ಲದವರು ಒಮ್ಮೆ ಊರಿಗೆ ಫೋನ್ ಮಾಡಿ ಕೇಳಿ...