ಗೋಡೆಯೊಳಗಿನ ತಂತಿ

ತಂತಿ ಕಾಣುವುದು ಒಂದು ಕಾಲಕ್ಕೆ ಮರ್ಯಾದೆಯ ಸಂಗತಿಯಾಗಿತ್ತು. ಮಾಳಿಗೆಯ ಮೇಲೆ ಎರಡು ಗಳ ನೆಟ್ಟು, ನಡುವೆ ಜಾಲರಿಯಂಥ ತಾಮ್ರದ ಪಟ್ಟಿ ಬಿಗಿದು, ಅದರಿಂದ ಒಂದು ತಂತಿಯನ್ನು ಕಿಟಕಿಯೊಳಗೆ ಇಳಿಬಿಟ್ಟಿದ್ದರೆ ಆ ಮನೆಯಲ್ಲಿ ರೇಡಿಯೋ ಇದೆಯೆಂದು ಓಣಿಗೆಲ್ಲ ತಿಳಿಯುತ್ತಿತ್ತು. ರಾಯಚೂರು ಜಿಲ್ಲೆಗೆ ಈ ಹೆಮ್ಮೆ ತುಸು ಹೆಚ್ಚೇ ಇರಬೇಕು. ೧೯೭೫ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿನ ಜಾಲರಿಯಿಂದ ಮಾಡಿದ, ಸುಮಾರು ೩ ಮೀಟರ್ ಅಗಲದ ಬುಟ್ಟಿ ಆಕಾಶದ ಕಡೆ ಮುಖ ಮಾಡಿ ನಿಂತಿರುತ್ತಿತ್ತು. ಅದರ ತಂತಿ ಒಳಗಿನ ಟಿ.ವಿ. ಪೆಟ್ಟಿಗೆಗೆ ಹೋಗುತ್ತಿತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು ೧೯೮೧ರಲ್ಲಿ. ರಾಜಧಾನಿಗಿಂತ ಮೊದಲು ಟಿ.ವಿ. ಕಂಡ ಹಳ್ಳಿಗರಿಗೆ ಆ ತಂತಿಯನ್ನು ಮುಚ್ಚಿಡಬೇಕೆಂದು ಅನಿಸಿದ್ದರೆ ಆಶ್ಚರ್ಯವೇ ಸರಿ.

ಈಗ ಕಾಲ ತಿರುಗಿದೆ. ಸಿಂಧನೂರಿನಲ್ಲಿ ಭತ್ತದ ದುಡ್ಡು ಕೈಯಾಡಿ ಹೊಸ ಮನೆ ಏಳುವಾಗ, ದೇವರ ಕೋಣೆ, ಅಡುಗೆ ಕೋಣೆಗಳ ಜೊತೆಗೆ ಸಿನಿಮಾ ಕೋಣೆಯೂ ನಕಾಶೆಯಲ್ಲಿ ಜಾಗ ಕೇಳತೊಡಗಿದೆ. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೆಯಲ್ಲಿ ಗುಡುಗುವುದಕ್ಕೆಂದೇ ಒಂದು ದೊಡ್ಡ ಪೆಟ್ಟಿಗೆ. ‘ಐದು ಪಾಯಿಂಟ್ ಒಂದು’ ಎಂದು ಅಂಗಡಿಯವರು ಹೇಳುವುದು ಈ ಲೆಕ್ಕವನ್ನೇ. ಸ್ಪೀಕರು ಕಾಣಬೇಕು, ತಂತಿ ಮಾತ್ರ ಕಾಣಬಾರದು. ಇದು ಮನೆಯ ಯಜಮಾನರ ಒಂದೇ ಆಜ್ಞೆ.

ಗಿಲಾವ ಮಾಡುವ ಮುಂಚೆ ಇಂಥ ಮನೆಗಳಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಹೀಗಿರುತ್ತದೆ:

“ಏ ತಮ್ಮ, ಒಂದ್ ವೈರೂ ಕಣ್ಣಿಗೆ ಬೀಳಬಾರ್ದು ನೋಡು.”

“ಬೀಳಂಗಿಲ್ರಿ ಸಾವ್ಕಾರ್ರ. ಆದ್ರ ಎಲ್ಲೈತಿ ಅಂತ ನಿಮಗರ ಗೊತ್ತಿರ್ಲಿ.”

ವೈರ್‌ಮನ್ನನ ಈ ಎರಡನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಂತಿ ಅಡಗಿಸುವ ವಿದ್ಯೆಯ ಅರ್ಧ ಭಾಗ ಇರುವುದು ಆ ಮಾತಿನಲ್ಲೇ.

ಮೊದಲು ತಂತಿಯ ವಿಚಾರ. ಹತ್ತನೆಯ ತರಗತಿಯ ಹುಡುಗರು ಬಾಯಿಪಾಠ ಮಾಡುವ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು ೦.೦೧೭ ಓಮ್ ರೋಧ. ಹಿಂದಿನ ಸ್ಪೀಕರು ೧೨ ಮೀಟರ್ ದೂರವಿದ್ದರೆ, ಹೋಗಿಬರುವ ದಾರಿ ೨೪ ಮೀಟರ್. ಅರ್ಧ ಚದರ ಮಿಲಿಮೀಟರಿನ ಸಣ್ಣ ತಂತಿ ಎಳೆದರೆ ರೋಧ ಸುಮಾರು ೦.೮ ಓಮ್ ಆಗುತ್ತದೆ. ೮ ಓಮಿನ ಸ್ಪೀಕರಿಗೆ ಹೋಗಬೇಕಾದ ಶಕ್ತಿಯಲ್ಲಿ ನೂರಕ್ಕೆ ೯ರಷ್ಟು ಗೋಡೆಯೊಳಗೇ ಬಿಸಿಯಾಗಿ ಕಳೆದುಹೋಯಿತು. ಅದೇ ೨.೫ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ನೂರಕ್ಕೆ ೨ ಮಾತ್ರ. ಅಡಗಿಸಿದ ತಂತಿಯನ್ನು ಬದಲಾಯಿಸುವುದು ಕಷ್ಟವಾದ್ದರಿಂದ ದಪ್ಪದಲ್ಲಿ ಜಿಪುಣತನ ಮಾಡದಿರುವುದು ಲೇಸು.

ಹಾಗೆಂದು ದುಬಾರಿ ತಂತಿಯ ಮೋಹವೂ ಬೇಡ. ಚಿನ್ನದ ಬಣ್ಣದ ತಂತಿ ತೋರಿಸಿ ‘ಇದರಲ್ಲಿ ಹಾಡು ಬೇರೆಯೇ ಕೇಳುತ್ತೆ’ ಎನ್ನುವ ಅಂಗಡಿಗಳುಂಟು. ಲಿಂಗಸುಗೂರು ತಾಲೂಕಿನವರಂತೂ ಇದಕ್ಕೆ ಮರುಳಾಗಬಾರದು. ಹಟ್ಟಿಯ ಚಿನ್ನದ ಗಣಿ ಇರುವುದು ಅವರ ತಾಲೂಕಿನಲ್ಲೇ. ಹಟ್ಟಿಯ ಚಿನ್ನವನ್ನೇ ಎಳೆದು ತಂತಿ ಮಾಡಿದರೂ ಅದರ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಚಿನ್ನದ ಗುಣ ಬೇರೆ, ಅದು ಕಿಲುಬು ಹಿಡಿಯುವುದಿಲ್ಲ. ಹಾಗಾಗಿ ತಂತಿಯ ತುದಿ ಸೇರುವ ಕಡೆ ಚಿನ್ನದ ತೆಳು ಲೇಪನ ಇದ್ದರೆ ಒಳ್ಳೆಯದು. ಮೈತುಂಬ ಚಿನ್ನ ಬೇಕಾದದ್ದು ಮದುವೆಯ ಮನೆಗೆ, ಸ್ಪೀಕರಿಗಲ್ಲ.

ಎಡಗಡೆಯ ಸ್ಪೀಕರಿಗೂ ಬಲಗಡೆಯ ಸ್ಪೀಕರಿಗೂ ತಂತಿ ಸಮ ಉದ್ದ ಇರಬೇಕೆಂಬ ಇನ್ನೊಂದು ನಂಬಿಕೆ ಇದೆ. ಉಳಿದ ತಂತಿಯನ್ನು ಸುರುಳಿ ಸುತ್ತಿ ಗೋಡೆಯ ಪೆಟ್ಟಿಗೆಯಲ್ಲಿ ತುರುಕುವುದೂ ಇದರಿಂದಲೇ. ತಂತಿಯಲ್ಲಿ ಸಂಕೇತ ಓಡುವುದು ಬೆಳಕಿನ ವೇಗಕ್ಕೆ ಹತ್ತಿರವಾಗಿ. ಹತ್ತು ಮೀಟರ್ ಹೆಚ್ಚು ತಂತಿಯಿದ್ದರೆ ತಡವಾಗುವುದು ಸೆಕೆಂಡಿನ ಎರಡು ಕೋಟಿಯಲ್ಲಿ ಒಂದು ಭಾಗದಷ್ಟು. ಆದರೆ ಸ್ಪೀಕರಿನಿಂದ ಹೊರಟ ಸದ್ದು ಗಾಳಿಯಲ್ಲಿ ಒಂದೇ ಮೀಟರ್ ದಾಟಲು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗ ಬೇಕು. ಅಂದರೆ ಅಳೆದು ಇಡಬೇಕಾದದ್ದು ತಂತಿಯನ್ನಲ್ಲ, ಕುರ್ಚಿಯಿಂದ ಸ್ಪೀಕರಿಗಿರುವ ದೂರವನ್ನು.

ಇನ್ನು ಅಡಗಿಸುವ ಬಗೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಊರುಗಳು. ಆದರೂ ಎಲ್ಲ ಗೋಡೆಗೂ ಒಂದೇ ಉಪಾಯ ನಡೆಯದು.

ಸಿಂಧನೂರಿನ ಸುತ್ತ ಎರೆಭೂಮಿ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುವ ಮಣ್ಣು ಅದು. ಅದರ ಮೇಲೆ ಹೊರೆ ಹೊತ್ತ ಗೋಡೆಯೂ ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಕೂದಲೆಳೆಯಷ್ಟು ಕದಲುತ್ತದೆ. ಗಿಲಾವಿನೊಳಗೆ ತಂತಿಯನ್ನು ಬರಿಮೈಯಲ್ಲಿ ಹೂತರೆ, ಗೋಡೆ ಬಿರಿದಾಗ ಅದೂ ಜಗ್ಗಿಸಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ನೆಲದಲ್ಲಿ ಇನ್ನೊಂದು ತೊಂದರೆ, ತೇವ ಮತ್ತು ಸವುಳು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಗೋಡೆಯ ಬುಡದಲ್ಲಿ ತೇವ ಏರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಕಬ್ಬಿಣದ ಪೈಪು ತುಕ್ಕು ಹಿಡಿಯುವುದು, ತಾಮ್ರ ಹಸಿರಾಗುವುದು ಇದರಿಂದಲೇ. ಆದ್ದರಿಂದ ಗೋಡೆಗೆ ಜಾಡು ಕೊರೆದು ಪಿ.ವಿ.ಸಿ. ಪೈಪು ಕೂರಿಸಿ, ತಂತಿಯನ್ನು ಅದರೊಳಗೆ ಸಡಿಲವಾಗಿ ಬಿಡುವುದು ಸರಿಯಾದ ಕ್ರಮ. ಪೈಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರಲಿ. ಮುಂದೆ ಬೇಕಾದೀತೆಂದು ಒಂದು ಜಿ.ಐ. ತಂತಿಯನ್ನೂ ಎಳೆದಿಟ್ಟಿರಲಿ. ಪೈಪಿನ ಎರಡೂ ಬಾಯಿ ಮುಚ್ಚಿರಬೇಕು. ಭತ್ತವಿರುವ ಊರಿನಲ್ಲಿ ಇಲಿಗೆ ಬರವಿಲ್ಲ. ಇಲಿಯ ಮುಂಬಲ್ಲು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ತಂತಿಯ ಮೇಲೆ ಅದಕ್ಕೆ ಹಗೆಯೇನೂ ಇಲ್ಲ.

ಲಿಂಗಸುಗೂರು, ಮಸ್ಕಿಗಳ ಹಳೆಯ ಮನೆಗಳು ಕಲ್ಲು-ಮಣ್ಣಿನವು. ಮೊಳ ದಪ್ಪದ ಕಲ್ಲುಗೋಡೆಗೆ ಜಾಡು ಕೊರೆಯಹೊರಟರೆ ತಂತಿ ಅಡಗುವ ಮೊದಲು ಗೋಡೆಯೇ ಸಡಿಲಾದೀತು. ಅಲ್ಲಿ ತಂತಿಯನ್ನು ಗೋಡೆಯ ಬುಡದ ಉದ್ದಕ್ಕೂ, ನೆಲದಿಂದ ನಾಲ್ಕು ಬೆರಳು ಮೇಲೆ, ಪಿ.ವಿ.ಸಿ. ಪಟ್ಟಿಯೊಳಗೆ ಒಯ್ದು, ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದರೆ ಸಾಕು. ಇಲ್ಲವೆ ತೊಲೆಗಳ ಮಗ್ಗುಲಲ್ಲಿ ನಡೆಸಬಹುದು. ಪೂರ್ತಿ ಅಡಗದಿದ್ದರೂ ಕಣ್ಣಿಗೆ ಚುಚ್ಚುವುದಿಲ್ಲ. ಚಾಪೆಯ ಕೆಳಗೆ ಬಚ್ಚಿಡುವ ಸುಲಭೋಪಾಯವಂತೂ ಬೇಡವೇ ಬೇಡ. ತುಳಿತುಳಿದು ಮೇಲಿನ ಹೊದಿಕೆ ಸವೆದು ಒಳಗಿನ ಎರಡು ಎಳೆ ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರು ಸುಟ್ಟುಹೋಗುವುದುಂಟು. ‘ತಂತಿಯಿಲ್ಲದ ಸ್ಪೀಕರು ತಂದರೆ ಆಯಿತಲ್ಲ’ ಎನ್ನುವವರಿಗೆ ಒಂದು ಮಾತು: ಬ್ಯಾಟರಿಯದ್ದಲ್ಲದಿದ್ದರೆ ಅದಕ್ಕೂ ಕರೆಂಟು ಬೇಕು, ಕರೆಂಟಿಗೆ ತಂತಿ ಬೇಕು.

ಇಲ್ಲಿಯವರೆಗಿನದು ಅಂದದ ಮಾತು. ಇನ್ನು ಜೀವದ ಮಾತು.

ಮನೆಯ ಕರೆಂಟು ೨೩೦ ವೋಲ್ಟಿನದು. ೮ ಓಮಿನ ಸ್ಪೀಕರಿಗೆ ೫೦ ವಾಟ್ ಕೊಡುವಾಗ ಅದರ ತಂತಿಯಲ್ಲಿ ಇರುವುದು ೨೦ ವೋಲ್ಟ್ ಮಾತ್ರ. ಒಂದು ಮುಟ್ಟಿದರೆ ಜೀವಕ್ಕೆ ಅಪಾಯ, ಇನ್ನೊಂದು ಹೆಚ್ಚೆಂದರೆ ಪೆಟ್ಟಿಗೆಗೆ ಅಪಾಯ. ಇವೆರಡನ್ನೂ ಒಂದೇ ಪೈಪಿನಲ್ಲಿ ಎಳೆದರೆ ಕೆಲಸ ಬೇಗ ಮುಗಿಯುತ್ತದೆ, ಪೈಪೂ ಉಳಿಯುತ್ತದೆ. ಆದರೆ ಯಾವತ್ತೋ ಒಂದು ದಿನ ಹೊದಿಕೆ ಹರಿದು ೨೩೦ ವೋಲ್ಟು ಸ್ಪೀಕರಿನ ತಂತಿಗೆ ದಾಟಿಕೊಂಡರೆ, ಆಡುತ್ತ ಬಂದ ಮಗು ಮುಟ್ಟುವುದು ಸ್ಪೀಕರಿನ ಹಿಂದಿನ ತಿರುಪನ್ನೇ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಪೈಪು, ನಡುವೆ ಅಂತರ. ದಾಟಲೇಬೇಕಾದ ಕಡೆ ಒಂದನ್ನೊಂದು ನೇರ ಕೋನದಲ್ಲಿ ದಾಟಬೇಕು. ಕರೆಂಟಿನ ೫೦ ಹರ್ಟ್ಸಿನ ‘ಗುಂಯ್’ ಎಂಬ ಸದ್ದು ಸೂಕ್ಷ್ಮ ಸಂಕೇತದ ತಂತಿಗಳಿಗೆ ಅಂಟುವುದೂ ಇದರಿಂದ ಕಡಿಮೆಯಾಗುತ್ತದೆ. ಎಂ.ಸಿ.ಬಿ. ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಅದು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ೩೦ ಮಿಲಿಆಂಪಿಯರಿಗೆ ಕಡಿದುಹೋಗುವ ಇ.ಎಲ್.ಸಿ.ಬಿ.ಯಂಥ ಸಾಧನ ಬೇಕು.

ಗಿಲಾವು ಮುಗಿದು ಬಣ್ಣ ಬಳಿದ ಮೇಲೆ ಎರಡು ತಂತಿಯ ಗೋಡೆಯೂ ನೋಡಲು ಒಂದೇ. ವರ್ಷ ಕಳೆದು ಅಜ್ಜನ ಫೋಟೋ ತೂಗುಹಾಕಬೇಕಾಗುತ್ತದೆ. ಮಗ ಸುತ್ತಿಗೆ ಹಿಡಿದು ಸ್ಟೂಲು ಹತ್ತುತ್ತಾನೆ. “ಯಪ್ಪಾ, ಇಲ್ಲಿ ಹೊಡೀಲೇನು?” ಎಂದು ಕೇಳಿದರೆ ತಂದೆಗೆ ನೆನಪಿಲ್ಲ. ವೈರ್‌ಮನ್ನನಿಗೂ ನೆನಪಿರಲಾರದು, ಅವನು ಆಮೇಲೆ ನೂರು ಮನೆ ಮಾಡಿರುತ್ತಾನೆ. ತಂತಿಯನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟ ಜಾಣತನ ಆ ಹೊತ್ತಿಗೆ ಸುತ್ತಿಗೆ ಹಿಡಿದ ಹುಡುಗನ ತಲೆಯ ಮೇಲೆ ತೂಗುತ್ತಿರುತ್ತದೆ.

ಇದಕ್ಕೆ ಮದ್ದು ಎರಡು. ಒಂದು, ಪೈಪುಗಳನ್ನು ಅಡ್ಡಾದಿಡ್ಡಿ ಓಡಿಸದೆ, ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಅಥವಾ ನೇರ ಪಕ್ಕಕ್ಕೋ ಒಯ್ಯುವುದು. ಹತ್ತಿರದ ದಾರಿಯೆಂದು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದ ಪೈಪನ್ನು ಯಾರೂ ಊಹಿಸಲಾರರು. ಎರಡು, ಗಿಲಾವಿಗೆ ಮೊದಲು ಅಳೆದು ಬರೆದಿಡುವುದು. ಈ ಕೆಲಸವನ್ನು ಮನೆಯ ಹೈಸ್ಕೂಲು ಹುಡುಗ ಹುಡುಗಿಯರಿಗೆ ಒಪ್ಪಿಸಬೇಕು. ಒಂದು ಟೇಪು, ಗ್ರಾಫ್ ಹಾಳೆ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂಬ ಎರಡು ಅಳತೆ. ಕರೆಂಟಿಗೆ ಕೆಂಪು ಗೆರೆ, ಸ್ಪೀಕರಿಗೆ ನೀಲಿ ಗೆರೆ. ಗಣಿತದ ಪುಸ್ತಕದಲ್ಲಿ ಎಕ್ಸ್ ಅಕ್ಷ, ವೈ ಅಕ್ಷ ಏಕಿದೆಯೆಂದು ಆ ಸಂಜೆ ತಾನಾಗಿ ತಿಳಿಯುತ್ತದೆ. ಜೊತೆಗೆ ಅಳತೆಪಟ್ಟಿ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಮಕ್ಕಳು ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಗೋಡೆಯಿಂದ ಹೊರಬಂದ ತುದಿಗಳಲ್ಲಿ ಯಾವುದು ಯಾವ ಸ್ಪೀಕರಿನದೆಂದು ತಿಳಿಯಬೇಕೆ? ಆಂಪ್ಲಿಫೈಯರಿನಿಂದ ತಂತಿ ಬಿಚ್ಚಿ, ಗೋಡೆ ಗಡಿಯಾರಕ್ಕೆ ಹಾಕುವ ೧.೫ ವೋಲ್ಟಿನ ಸೆಲ್ಲನ್ನು ಆ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸಿದರೆ ಸಂಬಂಧಪಟ್ಟ ಸ್ಪೀಕರು ‘ಟಪ್’ ಎನ್ನುತ್ತದೆ. ಧನ, ಋಣ ಸರಿಯಾಗಿದ್ದರೆ ದೊಡ್ಡ ಕೋನು ಹೊರಕ್ಕೆ ತಳ್ಳುತ್ತದೆ, ತಿರುವುಮುರುವಾಗಿದ್ದರೆ ಒಳಕ್ಕೆ ಸೇದುತ್ತದೆ. ಒಂದು ಸ್ಪೀಕರು ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆ ಸೇದಿದರೆ ತಗ್ಗು ಸ್ವರಗಳು ಒಂದನ್ನೊಂದು ಕಳೆದುಕೊಂಡು ತಬಲಾ ಬಡಕಲಾಗುತ್ತದೆ. ಸೆಲ್ಲು ಮಾತ್ರ, ಬೇರೆ ಯಾವ ಕರೆಂಟೂ ಕೂಡದು. ಹಿರಿಯರೊಬ್ಬರು ಜೊತೆಗಿರಬೇಕು.

ತಂತಿ ಅಡಗಿದರೂ ಅಡಗದೆ ಉಳಿಯುವ ವಸ್ತು ಒಂದಿದೆ. ಅದು ಸದ್ದು. ೪೦ ಹರ್ಟ್ಸಿನ ಗುಡುಗಿನ ಅಲೆಯ ಉದ್ದ ೮ ಮೀಟರಿಗೂ ಹೆಚ್ಚು. ಪರದೆ, ಗಾದಿ, ತೆಳು ಬಾಗಿಲು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸಿನಿಮಾ ಕೋಣೆಯಲ್ಲಿ ಕುಳಿತವರಿಗೆ ಹಾಡು ಕೇಳಿದರೆ, ಪಕ್ಕದ ಕೋಣೆಯಲ್ಲಿ ಓದಲು ಕುಳಿತವರಿಗೆ ಬರೀ ‘ಧಿಮ್ಮ್ ಧಿಮ್ಮ್’ ಎದೆಗೆ ಬಡಿಯುತ್ತದೆ. ಮಾರ್ಚ್ ತಿಂಗಳಿನಲ್ಲಿ ಎಸ್ಸೆಸ್ಸೆಲ್ಸಿಯ ಹುಡುಗಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತರೆ ಅದು ಅಷ್ಟು ನಿಲ್ಲುವುದೂ ಇಲ್ಲ. “ಸೌಂಡ್ ಕಡಿಮೆ ಮಾಡ್ರಪ್ಪಾ” ಎಂದು ಹೇಳಲು ಆಕೆಗೆ ಸಂಕೋಚ. ಅಷ್ಟು ಖರ್ಚು ಮಾಡಿ ಕಟ್ಟಿಸಿದ ಕೋಣೆ. ದೊಡ್ಡ ಪೆಟ್ಟಿಗೆಯನ್ನು ಓದುವ ಕೋಣೆಯ ಗೋಡೆಗೆ ತಾಗಿಸದೆ ದೂರ ಇಡುವುದು ಒಂದು ಮಟ್ಟದ ಪರಿಹಾರ. ಪರೀಕ್ಷೆ ಮುಗಿಯುವವರೆಗೆ ಅದರ ಪ್ಲಗ್ಗು ಕಿತ್ತಿಡುವುದು ಪೂರ್ತಿ ಪರಿಹಾರ. ಇದಕ್ಕೆ ಖರ್ಚಿಲ್ಲ.

ಬರೆದಿಡುವುದರ ಬೆಲೆ ಏನೆಂದು ತಿಳಿಯಲು ಈ ಭಾಗದ ಮಕ್ಕಳು ದೂರ ಹೋಗಬೇಕಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲಿದ್ದ ಬ್ರಾಹ್ಮೀ ಬರಹ ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಾದಿದ್ದು, ಕೇಳುವವನು ಬಂದಾಗ ಅದು ಉತ್ತರ ಕೊಟ್ಟಿತು. ಯಾರೋ ಒಬ್ಬರು ಹೆಸರು ಕೊರೆದಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಮನೆಯ ಗೋಡೆಗೆ ಅಷ್ಟು ವರ್ಷದ ಆಯುಸ್ಸಿಲ್ಲ. ಕಟ್ಟಿಸಿದವರಿಗಂತೂ ಇನ್ನೂ ಕಡಿಮೆ. ಮನೆ ಮಕ್ಕಳ ಕೈಗೆ ಹೋಗುತ್ತದೆ, ಕೆಲವೊಮ್ಮೆ ಮಾರಾಟವಾಗಿ ಪರಿಚಯವೇ ಇಲ್ಲದವರ ಕೈಗೂ ಹೋಗುತ್ತದೆ. ಅವರ ಮನೆಯಲ್ಲೂ ಸುತ್ತಿಗೆ ಹಿಡಿಯುವ ಮಕ್ಕಳಿರುತ್ತಾರೆ. ಮೀಟರ್ ಬೋರ್ಡಿನ ಬಾಗಿಲ ಒಳಗೆ ಒಂದು ಗ್ರಾಫ್ ಹಾಳೆ ಅಂಟಿಸಿ, ಇನ್ನೊಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆ ಇಟ್ಟರೆ, ಆ ಕೆಂಪು ಗೆರೆಯ ಮೇಲೆ ಮೊಳೆ ಬೀಳುವುದಿಲ್ಲ.