ವರ್ತೂರು ಸೀಮೆಯ ಅಕ್ಕಡಿ ಸಾಲುಗಳು

ಬೆಂಗಳೂರಿನ ಅಂಚಿನ ವರ್ತೂರಿನಲ್ಲಿ ಕೆರೆ ಏರಿಯ ಕೆಳಗೆ ಗದ್ದೆ ಬಯಲು, ದಿಣ್ಣೆಯ ಮೇಲೆಲ್ಲ ಖುಷ್ಕಿ ಹೊಲ. ಖುಷ್ಕಿ ಎಂದರೆ ನಮ್ಮ ಕಡೆ ರಾಗಿ. ಆದರೆ ಬರೀ ರಾಗಿ ಬಿತ್ತಿದ ಹೊಲವನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇ ಇಲ್ಲ. ಅಪ್ಪ ಕೂರಿಗೆ ಹಿಡಿದರೆ ಅಮ್ಮ ಮಡಿಲಲ್ಲಿ ಅವರೆ, ತೊಗರಿ ತುಂಬಿಕೊಂಡು ಹಿಂದೆ ನಡೆಯುವಳು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಅಲ್ಲಲ್ಲಿ ಹುಚ್ಚೆಳ್ಳು, ಸಾಸಿವೆ. ಬದುವಿನ ಸುತ್ತ ಜೋಳ, ಹರಳು. ಮಳೆ ಹೆಚ್ಚಾಗಿ ಒಂದು ಹೋದರೂ, ಕಡಿಮೆಯಾಗಿ ಇನ್ನೊಂದು ಹೋದರೂ ಮನೆಗೆ ಏನಾದರೂ ಬಂದೇ ಬರುತ್ತಿತ್ತು.

ಈ ಹೊಂದಾಣಿಕೆಯ ಸೊಗಸು ಗೊತ್ತಾಗುತ್ತಿದ್ದದ್ದು ಅವರೆಯಲ್ಲಿ. ನಾಟಿ ಅವರೆ ಹಗಲು ಗಿಡ್ಡವಾಗುವ ತನಕ ಹೂ ಬಿಡುವುದಿಲ್ಲ. ಆಷಾಢದಲ್ಲಿ ರಾಗಿಯ ಜೊತೆ ಬಿತ್ತಿದರೂ ಸುಮ್ಮನೆ ಬಳ್ಳಿಯಾಗಿ ಕಾಯುತ್ತದೆ. ಕಾರ್ತಿಕದಲ್ಲಿ ರಾಗಿ ಕೊಯ್ಲಾಗಿ ಹೊಲ ಬಯಲಾದ ಮೇಲೆ ಅದರದೇ ರಾಜ್ಯ. ಭೂಮಿಯಲ್ಲಿ ಉಳಿದ ತೇವ, ಮೇಲಿನ ಇಬ್ಬನಿ, ಇಷ್ಟರಲ್ಲೇ ಮಾರ್ಗಶಿರ, ಪುಷ್ಯದ ಹೊತ್ತಿಗೆ ಕಾಯಿ. ಕಿತ್ತರೆ ಬೆರಳಿಗೆ ಜಿಡ್ಡು ಅಂಟಿ ಸೊಗಡು ಸಂಜೆವರೆಗೂ ಹೋಗುತ್ತಿರಲಿಲ್ಲ. ಈಗ ವರ್ಷವಿಡೀ ಕಾಯಿ ಬಿಡುವ ತಳಿಗಳಿವೆ, ರೈತನಿಗೆ ಅವೂ ಬೇಕು. ಆ ಸೊಗಡು ಮಾತ್ರ ಚಳಿಗಾಲದ ನಾಟಿ ಅವರೆಯದೇ.

ಅಂಥ ಹೊಲಗಳ ಮೇಲೆ ನಗರ ಹಬ್ಬಿತು. ನಮ್ಮ ಪಕ್ಕದ ವೈಟ್‌ಫೀಲ್ಡ್ ಶುರುವಾದದ್ದೂ ಬೇಸಾಯದ ಊರಾಗಿಯೇ ಎಂಬುದು ಈಗ ಅಲ್ಲಿ ವಾಸಿಸುವ ಎಷ್ಟೋ ಜನರಿಗೆ ತಿಳಿಯದು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಉತ್ತು ಬಿತ್ತಿ ಬದುಕಲೆಂದು ಕಟ್ಟಿಕೊಂಡ ಊರು ಅದು. ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯಾಯಿತು. ನಮ್ಮ ಕಡೆ ಐಟಿಪಿಎಲ್ ಟೆಕ್ ಪಾರ್ಕಿನ ಕೆಲಸ 1994ರಲ್ಲಿ ಆರಂಭವಾಗಿ, 1998ರಲ್ಲಿ ಅದು ಬಾಗಿಲು ತೆರೆಯಿತು. ಆಮೇಲೆ ಬದಲಾವಣೆಗೆ ಹಿಡಿದ ಕಾಲ ಬಹಳ ಕಡಿಮೆ. ಹೊಲ ಮಾರಿದವರನ್ನು ಹಳಿಯುವುದು ನನ್ನಿಂದಾಗದು. ಬೋರ್‌ವೆಲ್ ಸಾಲ, ಮಗಳ ಮದುವೆ, ಆಸ್ಪತ್ರೆ ಖರ್ಚು, ಅಣ್ಣತಮ್ಮಂದಿರ ಭಾಗ, ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು. ಕೆರೆಯೂ ಕೈಕೊಟ್ಟಿತು. ನಗರದ ಚರಂಡಿ ನೀರು ಹೆಚ್ಚಿದಂತೆಲ್ಲ ಕೆಳಗಿನ ಗದ್ದೆಗಳಲ್ಲಿ ಭತ್ತ ಹೋಗಿ ಸೊಪ್ಪು, ಹಸುವಿನ ಮೇವಿನ ಹುಲ್ಲು ಬಂದವು. 2015ರಲ್ಲಿ ವರ್ತೂರು ಕೋಡಿಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆ ನೀರನ್ನೇ ಗದ್ದೆಗೆ ಹಾಯಿಸಬೇಕಾಗಿದ್ದ ರೈತನ ಮುಖ ಯಾರಿಗೂ ಕಾಣಲಿಲ್ಲ.

ಇಷ್ಟೆಲ್ಲದರ ನಡುವೆ ಬೇರೆ ದಾರಿ ತೋರಿಸಿದವರು ವರ್ತೂರು ಪಕ್ಕದ ಸೊರಹುಣಸೆಯ ಎಲ್. ನಾರಾಯಣ ರೆಡ್ಡಿಯವರು. ಮೊದಲು ರಾಸಾಯನಿಕ ಗೊಬ್ಬರ ಸುರಿದೇ ಬೆಳೆದವರು. ಇಳುವರಿಗೆ ಹೆಸರು ಬಂತು, ಲೆಕ್ಕ ಹಾಕಿದರೆ ಕೈಯಲ್ಲಿ ಏನೂ ಉಳಿಯಲಿಲ್ಲ. ಜಪಾನಿನ ಸಹಜ ಕೃಷಿಕ ಫುಕುವೋಕಾ ಅವರ ಪುಸ್ತಕ ಓದಿ ಸಹಜ ಬೇಸಾಯಕ್ಕೆ ತಿರುಗಿದರು. ಮುಂದೆ ದೊಡ್ಡಬಳ್ಳಾಪುರದ ಮರೇನಹಳ್ಳಿಗೆ ಹೋದರು. 2019ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ತೋಟಕ್ಕೆ ಬಂದವರಿಗೆ ಮಣ್ಣನ್ನು ಕೈಗೆ ಕೊಟ್ಟು ಪಾಠ ಹೇಳುತ್ತಿದ್ದರು. ರೈತನ ಮೊದಲ ಗಿರಾಕಿ ಅವನ ಮನೆಯ ಅಡುಗೆಮನೆಯೇ ಎಂಬ ತಿಳಿವಳಿಕೆ ಅವರ ಬದುಕಿನಲ್ಲೇ ಇತ್ತು. ನಮ್ಮಲ್ಲಿ ಹಲವರು ಅದನ್ನು ಕಂಡುಕೊಂಡದ್ದು ತಡವಾಗಿ.

ಈಗ ರಾಗಿಗೆ ಮತ್ತೆ ಮರ್ಯಾದೆ ಬಂದಿದೆ. ಸಿರಿಧಾನ್ಯ ಮೇಳಗಳಾದವು, 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು, 2025-26ಕ್ಕೆ ಕ್ವಿಂಟಲ್ ರಾಗಿಗೆ ಬೆಂಬಲ ಬೆಲೆ 4,886 ರೂಪಾಯಿ. ರಾಗಿಗಾಗಿ ಜೀವ ತೇಯ್ದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅದು ಬಡವರ ಊಟ. ಈಗ ಅಪಾರ್ಟ್‌ಮೆಂಟಿನ ಮಗುವೂ ರಾಗಿ ಮಾಲ್ಟ್ ಕುಡಿಯುತ್ತದೆ. ಸಂತೋಷವೇ. ಆದರೆ ಆ ಪ್ಯಾಕೆಟ್ಟಿನ ರಾಗಿ ತುಮಕೂರು, ಹಾಸನದ ಕಡೆಯಿಂದಲೂ ಬರಬಹುದು. ರಾಗಿ ಹೊಲದ ಜೊತೆಗಿದ್ದ ಉಳಿದ ಊಟ ಹಾಗೆ ಲಾರಿಯಲ್ಲಿ ಬರುವಂಥದ್ದಲ್ಲ.

ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಾಶಿ ಸೊಪ್ಪು, ಹೊನಗೊನೆ, ಇವನ್ನು ಯಾರೂ ಬಿತ್ತುತ್ತಿರಲಿಲ್ಲ. ಮೊದಲ ಮಳೆಗೆ ರಾಗಿ ಪೈರಿನ ಸಂದಿಯಲ್ಲಿ ತಾವೇ ಹುಟ್ಟುವ ಕಳೆ. ಕಳೆ ಕೀಳುವ ಹೆಂಗಸರು ಎಳೆಯದನ್ನು ಆರಿಸಿ ಸೆರಗಿಗೆ ಹಾಕಿಕೊಂಡರೆ ರಾತ್ರಿಗೆ ಬೆರಕೆ ಸೊಪ್ಪಿನ ಸಾರು, ಬಸ್ಸಾರು, ಮುದ್ದೆ. ಕೂಲಿ ದುಬಾರಿಯಾದಂತೆ ಕಳೆನಾಶಕ ಬಂತು. ಒಂದು ಸಲ ಸಿಂಪಡಿಸಿದರೆ ಹೊಲ ಸ್ವಚ್ಛ, ಸಾರೂ ಸ್ವಚ್ಛ! ಬೇಸಾಯ ಕೆಡುವುದಕ್ಕೂ ಊಟ ಬಡವಾಗುವುದಕ್ಕೂ ಎಷ್ಟು ಹತ್ತಿರದ ನಂಟು ಎಂದು ನನಗೆ ಮನದಟ್ಟಾದದ್ದು ಇದರಿಂದಲೇ.

ಸರ್ಜಾಪುರದಾಚೆ ಹೊಲ ಉಳಿಸಿಕೊಂಡಿರುವ ನಾವು ಕೆಲವರು ಭಾನುವಾರದ ಬೆಳಿಗ್ಗೆ ಒಂದು ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಚೀಲ ಹರಡಲು ಶುರುಮಾಡಿದೆವು. ಮೊದಮೊದಲು ಎಲ್ಲರೂ ಕೇಳುತ್ತಿದ್ದದ್ದು ರಾಗಿ ಹಿಟ್ಟೊಂದನ್ನೇ. ಸೊಪ್ಪಿನ ರಾಶಿ ನೋಡಿದ ಒಬ್ಬ ಹೆಣ್ಣುಮಗಳು, "ಅಕ್ಕಾ, ಇದೇನು ಸೊಪ್ಪು? ಒಂದರಲ್ಲಿ ಇಷ್ಟೊಂದು ಥರ ಇದೆಯಲ್ಲ?" ಅಂದರು. ನಮ್ಮ ಜೊತೆ ಬಂದಿದ್ದ ಚಿಕ್ಕಮ್ಮ ಹೇಳಿದ್ದು: "ಬಿತ್ತಿದ್ದಲ್ಲ ಕಣವ್ವಾ, ಕಳೆಯಲ್ಲಿ ಬಂದಿದ್ದು. ಬೇಳೆ ಜೊತೆ ಬೇಯಿಸಿ ಬಸಿದುಕೋ. ಕಟ್ಟಿಗೆ ಖಾರ ಹಾಕು, ಸೊಪ್ಪಿಗೆ ಒಗ್ಗರಣೆ ಕೊಡು. ಮುಂದಿನ ವಾರ ಬಂದು ನೀನೇ ಕೇಳ್ತೀಯ." ಅವರು ಕೇಳಿಕೊಂಡು ಬಂದರು, ನೆರೆಮನೆಯವರನ್ನೂ ಕರೆತಂದರು. ಚಳಿಗಾಲದಲ್ಲಿ ಚಿಕ್ಕಮ್ಮ ನೆನೆಸಿದ ಅವರೆಕಾಳನ್ನು ಪಾತ್ರೆಯಲ್ಲಿ ಇಟ್ಟುಕೊಂಡು ಕೂತಳು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಟಪ್ಪನೆ ಜಾರಿ ಬೀಳುತ್ತದೆ. ಮಕ್ಕಳು ಸುತ್ತ ಕೂತು ಒತ್ತತೊಡಗಿದರು. ಹಿತಕಬೇಳೆ ಸಾರು ಆ ಕಟ್ಟಡಗಳ ಒಳಗೆ ಹೋದದ್ದು ಹಾಗೆ.

ಸೊಪ್ಪಿಗೆ ಬೆಲೆ ಬಂದಾಗ ಕೈಯಿಂದ ಕಳೆ ಕೀಳುವುದು ಮತ್ತೆ ಗಿಟ್ಟತೊಡಗಿತು. ಕೂಲಿಯ ಮೇಲೆ ಸೊಪ್ಪಿನ ದುಡ್ಡೂ ಸಿಕ್ಕಿದ್ದರಿಂದ ಹೆಂಗಸರು ಬರಲು ಒಪ್ಪಿದರು. ನಾವು ಕೆಲವರು ಕಳೆನಾಶಕ ಕೈಬಿಟ್ಟೆವು. ಉಪದೇಶದಿಂದ ಆಗದ ಕೆಲಸವನ್ನು ಗಿರಾಕಿಯ ಅಡುಗೆಮನೆ ಮಾಡಿತು. ಸ್ಥಳೀಯ ಊಟದ ಪ್ರಚಾರ ಎಂದರೆ ನನಗೆ ಇದೇ. ಹೊಲ ಕೊಟ್ಟದ್ದನ್ನೆಲ್ಲ ಕೊಳ್ಳಬೇಕು, ಹೆಸರಾದ ಒಂದೇ ಧಾನ್ಯವನ್ನಲ್ಲ.

ಬಿಕ್ಕಟ್ಟು ಇರುವುದು ನೆಲದಲ್ಲಿ. ನಮ್ಮಲ್ಲಿ ಅರ್ಧ ಜನ ಬಿತ್ತುವುದು ಎಂದೋ ಮಾರಾಟವಾಗಿ, ಕಟ್ಟಡ ಏಳದೆ ಬಿದ್ದಿರುವ ಜಮೀನಿನಲ್ಲಿ. ಕರಾರು ಬಾಯಿಮಾತಿನದು, ಒಂದು ವರ್ಷದ್ದು. ಮುಂದಿನ ಮುಂಗಾರಿಗೆ ಇರುತ್ತದೋ ಇಲ್ಲವೋ ತಿಳಿಯದ ಹೊಲಕ್ಕೆ ಯಾರು ತಿಪ್ಪೆಗೊಬ್ಬರ, ಕೆರೆಗೋಡು ಹೊಡೆಸುತ್ತಾರೆ? ಸ್ವಂತ ನೆಲ ಉಳಿಸಿಕೊಳ್ಳುವುದೂ ಸುಲಭವಲ್ಲ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣದ ಸುತ್ತಿನ 13 ಹಳ್ಳಿಗಳ ರೈತರು 1,777 ಎಕರೆಯ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿದ ದಿನ ನಮ್ಮೂರಲ್ಲೂ ಸಿಹಿ ಹಂಚಿದೆವು. ರಾಜಧಾನಿಗೆ ತರಕಾರಿ, ಹಾಲು, ಹೂವು ಕೊಡುವ ನೆಲ ಅದು.

ಅಪಾರ್ಟ್‌ಮೆಂಟಿನವರ ಮುಂದೆ ನಾವೀಗ ಒಂದು ಮಾತು ಇಟ್ಟಿದ್ದೇವೆ. ಬಿತ್ತನೆಗೆ ಮುಂಚೆ ಮನೆಗಿಷ್ಟೆಂದು ಮುಂಗಡ ಕೊಡಿ. ಶ್ರಾವಣದಿಂದ ಸೊಪ್ಪು, ರಾಗಿ ಒಕ್ಕಣೆಯಾದ ಮೇಲೆ ರಾಗಿ, ಸಂಕ್ರಾಂತಿಯ ಹೊತ್ತಿಗೆ ಅವರೆ, ಕೊನೆಗೆ ತೊಗರಿ, ಹುಚ್ಚೆಳ್ಳು ಕೊಡುತ್ತೇವೆ. ಆ ಮುಂಗಡ ತೋರಿಸಿ ಜಮೀನಿನವರ ಹತ್ತಿರ ಐದು ವರ್ಷದ ಕರಾರನ್ನು ಕಾಗದದ ಮೇಲೆ ಕೇಳುತ್ತೇವೆ. ಕೆಲವು ಮನೆಯವರು ಒಪ್ಪಿದ್ದಾರೆ. ಜಮೀನಿನವರಲ್ಲಿ ಒಬ್ಬರು ಮೂರು ವರ್ಷಕ್ಕೆ ಬರೆದುಕೊಡಲು ತಯಾರಿದ್ದಾರೆ. ನಾಟಿ ಅವರೆ ಬೀಜವನ್ನು ಚಿಕ್ಕಮ್ಮ ಬೂದಿ ಬೆರೆಸಿ ಎತ್ತಿಟ್ಟಿದ್ದಾಳೆ. ಮಳೆ ಬೀಳುವುದರೊಳಗೆ ಕಾಗದಕ್ಕೆ ಸಹಿ ಬೀಳಬೇಕು.