ಹಿತುಕಿದ ಬೇಳೆಯ ಪೇಟೆಂಟು

ಅವರೆಕಾಯಿಯ ಕಾಲ ಬಂದಿತೆಂದರೆ ನಮ್ಮ ದಾಬಸ್‌ಪೇಟೆಯ ಯಾವ ಮನೆಯೊಳಗೆ ಇಣುಕಿದರೂ ಒಂದೇ ನೋಟ: ನೆನೆಹಾಕಿದ ಕಾಳಿನ ಪಾತ್ರೆಯ ಸುತ್ತ ಮನೆಮಂದಿಯೆಲ್ಲ ಕುಳಿತು ಹಿತುಕುತ್ತಿರುತ್ತಾರೆ. ಎಂ.ಎ. ಪದವಿಗೆ ಈ ಕಾಯಕದಿಂದ ವಿನಾಯಿತಿಯಿಲ್ಲ. ಎಲ್ಲರ ಬೇಳೆಯೂ ಎಗರಿ ಪಾತ್ರೆಗೆ ಬಿದ್ದರೆ ನನ್ನದು ಮಾತ್ರ ನನ್ನ ಕನ್ನಡಕಕ್ಕೇ ಬಂದು ಬಡಿಯುತ್ತದೆ.

ನನ್ನ ಭಾವಮೈದುನ ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್. ತಾಯಿಯ ಬೆರಳ ತುದಿ ಸುಲಿದುದನ್ನು ಕಂಡು, ರಜೆಯ ದಿನಗಳಲ್ಲಿ ಹಿತ್ತಿಲಲ್ಲಿ ಕುಳಿತು, ಎರಡು ರಬ್ಬರಿನ ಉರುಳೆಗಳುಳ್ಳ ಒಂದು ಪುಟ್ಟ ಯಂತ್ರವನ್ನು ಮಾಡಿದ. ಹಿಡಿಕೆ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಯಜಮಾನರ ಕಾರ್ಖಾನೆಯಲ್ಲಿ ಇದಕ್ಕಾಗಿ ಒಂದು ತಿರುಪನ್ನೂ ಕಡೆದವನಲ್ಲ. ಅಷ್ಟು ಸೂಕ್ಷ್ಮದ ಹುಡುಗ.

ಒಂದು ಸಂಜೆ ಬಂದು, "ಭಾವಾ, ಇದಕ್ಕೆ ಪೇಟೆಂಟು ಮಾಡಿಸಲೇ? ಓದಿದವರು ನೀವೇ ಹೇಳಬೇಕು" ಎಂದ. ಹಳೆಯ ಲೇತೊಂದನ್ನು ಕೊಳ್ಳಲೆಂದು ಅವನು ಕೂಡಿಟ್ಟಿದ್ದುದು 60,000 ರೂಪಾಯಿ. ಬರೆಹ, ನಕ್ಷೆ, ವಾದ, ಶುಲ್ಕ ಎಲ್ಲ ಸೇರಿ ಕೊನೆಮುಟ್ಟುವ ಹೊತ್ತಿಗೆ ಅಷ್ಟೂ ಬೇಕಾದೀತೆಂದು ಪಟ್ಟಣದ ಏಜೆಂಟರೊಬ್ಬರು ಹೇಳಿದ್ದರಂತೆ. ಲೇತೋ ಪೇಟೆಂಟೋ, ಎರಡರಲ್ಲಿ ಒಂದು.

ಪೇಟೆಂಟೆಂದರೆ ಗುಟ್ಟನ್ನು ಕಾಯುವ ಬೀಗವೆಂದು ನಾನು ತಿಳಿದಿದ್ದೆ. ನಿಘಂಟನ್ನು ತೆರೆದರೆ ಮೂಲ ಲ್ಯಾಟಿನ್ ಪದಕ್ಕೆ 'ತೆರೆದದ್ದು' ಎಂಬ ಅರ್ಥ! ಅರಸನು ಎಲ್ಲರೂ ಓದಲೆಂದು ಹೊರಡಿಸುತ್ತಿದ್ದ ತೆರೆದ ಓಲೆ ಅದು. ನಮ್ಮ ಶಾಸನಗಳ ಬಂಧುವೇ ಸರಿ. ಆದರೆ ಶಾಸನದ ದತ್ತಿ ಸೂರ್ಯಚಂದ್ರರಿರುವ ತನಕ. ಪೇಟೆಂಟು ಅರ್ಜಿಯ ದಿನದಿಂದ 20 ವರ್ಷ, ಅದೂ ಮೂರನೆಯ ವರ್ಷದಿಂದ ವರ್ಷವರ್ಷವೂ ಶುಲ್ಕ ಕಟ್ಟುತ್ತಿದ್ದರೆ. ಶಾಸನವನ್ನು ಅಳಿದವನಿಗೆ ಕವಿಲೆಯನ್ನು ಕೊಂದ ಪಾಪವಾದರೂ ಉಂಟು. ಪೇಟೆಂಟನ್ನು ಮೀರಿದವನ ಮೇಲೆ ಹಕ್ಕುದಾರನೇ ನ್ಯಾಯಾಲಯಕ್ಕೆ ಹೋಗಬೇಕು. ಸರ್ಕಾರ ಕೊಡುವುದು ದಾವೆ ಹೂಡುವ ಹಕ್ಕು, ವಕೀಲರ ಫೀಜನ್ನಲ್ಲ. ಎಲ್ಲಿಯದೋ ದೊಡ್ಡ ಕಾರ್ಖಾನೆ ಇದನ್ನು ನಕಲು ಮಾಡಿದರೆ ತಿಂಗಳ ಸಂಬಳದ ಫಿಟ್ಟರ್ ಎಷ್ಟು ವಾಯಿದೆಗಳಿಗೆ ಓಡಾಡಿಯಾನು?

ಉದಾತ್ತವಾದ ಮಾತೊಂದನ್ನು ಹೇಳುವ ಚಪಲ ನನಗೆ. "ಜಗದೀಶಚಂದ್ರ ಬೋಸರು ಪೇಟೆಂಟೇ ಬೇಡವೆಂದರು. ಸ್ನೇಹಿತರ ಬಲವಂತಕ್ಕೆ 1904ರಲ್ಲಿ ಅಮೆರಿಕದಲ್ಲಿ ಒಂದು ಬಂದರೂ ಅದರಿಂದ ಹಣ ಮಾಡಲಿಲ್ಲ" ಎಂದೆ.

"ಬೋಸರಿಗೆ ಕಾಲೇಜಿನ ಸಂಬಳವಿತ್ತು, ನಿಮಗೂ ಇದೆಯಲ್ಲಾ!" ಎಂದಳು ನನ್ನ ಮಡದಿ ಒಳಗಿನಿಂದ. ಆಮೇಲೆ ತಮ್ಮನ ಕಡೆಗೆ ತಿರುಗಿ, "ರವೆ ಇಡ್ಲಿಯನ್ನು ಯುದ್ಧದ ಕಾಲದ ಅಕ್ಕಿಯ ಕೊರತೆಯಲ್ಲಿ ನಾವೇ ಮೊದಲು ಮಾಡಿದೆವೆಂದು ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ಈಗ ಮನೆಮನೆಯಲ್ಲೂ ಮಾಡುತ್ತಾರೆ. ಅವರ ಹೋಟೆಲೇನು ಮುಚ್ಚಿಹೋಯಿತೇ?" ಎಂದಳು. ಅವನಿಗೆ ಆದರ್ಶ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನರು. ಹುಣಸೆಯ ಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ ಮೊದಲಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದವರು. "ಅವರಿಗೂ ಮೊದಲು ಬೇಕಾದದ್ದು ವರ್ಕ್‌ಷಾಪೇ ಅಲ್ಲವೇ ಭಾವಾ?" ಎಂದ ಹುಡುಗನ ಕಣ್ಣು ಲೇತಿನ ಕಡೆಗೇ ಇತ್ತು.

ಕಾಯಿದೆಯನ್ನು ಓದುತ್ತ ಹೋದಂತೆ ಇನ್ನೊಂದು ತೊಡಕು ಎದ್ದಿತು. ಅರ್ಜಿಗೆ ಮುಂಚೆಯೇ ಲೋಕಕ್ಕೆ ತಿಳಿದುಹೋದದ್ದು ಕಾಯಿದೆಯ ಕಣ್ಣಿಗೆ ಹೊಸದಲ್ಲ. ಕಳೆದ ಸುಗ್ಗಿಯಲ್ಲಿ ಇವನು ಮೂರು ಯಂತ್ರಗಳನ್ನು ಬೀದಿಯ ಗೃಹಿಣಿಯರಿಗೆ ಮಾರಿದ್ದ! ಅದನ್ನು ಹೇಳಿದಾಗ ಅವನ ಮುಖ ಬಾಡಿದ್ದನ್ನು ನಾನು ಮರೆಯಲಾರೆ. ಬಹಳ ಹೊತ್ತು ಸುಮ್ಮನಿದ್ದು, "ಸ್ಪ್ರಿಂಗನ್ನು ಯಾರೂ ನೋಡಿಲ್ಲ" ಎಂದ. ಕಾಳಿನ ದಪ್ಪಕ್ಕೆ ತಕ್ಕಂತೆ ಉರುಳೆಗಳು ತಾವೇ ಹಿಂದೆ ಸರಿಯುವ ಏರ್ಪಾಡನ್ನು ಆಮೇಲೆ ಮಾಡಿದ್ದನಂತೆ. ಬೇಳೆ ಒಡೆಯದಿರುವುದು ಅದರಿಂದಲೇ.

ತೀರ್ಮಾನ ಅಲ್ಲಿಂದ ಸುಲಭವಾಯಿತು. ಆ ಸ್ಪ್ರಿಂಗಿಗೆ ಮಾತ್ರ ಚೆನ್ನೈ ಕಚೇರಿಗೆ ತಾತ್ಕಾಲಿಕ ಅರ್ಜಿ. ತಾನೇ ಸಲ್ಲಿಸಿದರೆ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ ಕೊಡಲು 12 ತಿಂಗಳ ಅವಕಾಶವುಂಟು. ಅಷ್ಟರಲ್ಲಿ ಒಂದು ಸುಗ್ಗಿ, ಒಂದು ಅವರೆ ಮೇಳ ಕಳೆದಿರುತ್ತದೆ. ಯಂತ್ರ ಮಾರಾಟವಾದರೆ 4,000 ರೂಪಾಯಿಯ ಪರೀಕ್ಷಾ ಶುಲ್ಕವೂ ಏಜೆಂಟರ ಮಾತೂ ಆಮೇಲೆ. ಆಗದಿದ್ದರೆ ಕೈಬಿಟ್ಟದ್ದು ಇಷ್ಟೇ. ಉಳಿದ ಹಣಕ್ಕೆ ಲೇತು. ಪಕ್ಕದ ಮನೆಯವರು ಇದನ್ನು ಕೇಳಿ, ಹಿತುಕಿದ ಬೇಳೆಯನ್ನು ಮನೆಮನೆಗೆ ತಲಪಿಸುವ ತಮ್ಮ ಉಪಾಯಕ್ಕೂ ಪೇಟೆಂಟು ಸಿಕ್ಕೀತೇ ಎಂದು ವಿಚಾರಿಸಿದರು. ಬರಿಯ ವ್ಯಾಪಾರದ ಉಪಾಯಕ್ಕೆ ನಮ್ಮ ಕಾಯಿದೆ ಅದನ್ನು ಕೊಡುವುದಿಲ್ಲ.

ವಿವರಣೆ ಬರೆಯುವ ಭಾರ ನನ್ನ ಮೇಲೆ ಬಿತ್ತು. ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬುದು ನಿಯಮ. 'ಹಿತುಕು' ಎಂಬ ಮೂರಕ್ಷರಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತು ಹುಡುಕಿ ಹುಡುಕಿ ಸೋತು, ಕೊನೆಗೆ ಎರಡು ಸಾಲು ಬರೆದೆ. ಭಾವಮೈದುನ ಅದನ್ನು ಕನ್ನಡದಲ್ಲಿ ಹೇಳಿಸಿ ಕೇಳಿ, "ಸಿಪ್ಪೆ ಯಾವ ಕಡೆ ಬೀಳುತ್ತದೆಂದು ಬರೆದೇ ಇಲ್ಲವಲ್ಲ ಭಾವಾ" ಎಂದ. ನಾನು ಮತ್ತೆ ಬರೆಯತೊಡಗಿದೆ.